ಇಂಜಿನಿಯರಿಂಗ್ ಲೈಬ್ರರಿಗೆ ಮಾರ್ಚ್ ಸುಗ್ಗಿ: ಪುಸ್ತಕ ಬಂತು, ಓದುಗನೆಲ್ಲಿ?

ದಾವಣಗೆರೆ: ಹರಿಹರದ ಕಡೆಯಿಂದ ಬೆಳಿಗ್ಗೆ ಬರುವ ಬಸ್ಸುಗಳನ್ನು ಹತ್ತಿದವರಿಗೆ ಈ ನೋಟ ಹೊಸದೇನಲ್ಲ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಸುರುಳಿ ತಂತಿ ಹಾಕಿಸಿದ ಝೆರಾಕ್ಸ್ ಕಟ್ಟು ಹಿಡಿದು ನಿಂತ ಇಂಜಿನಿಯರಿಂಗ್ ಹುಡುಗರು, ಹುಡುಗಿಯರು. ಪುಸ್ತಕದ ಪ್ರತಿಯ ಪ್ರತಿಯ ಪ್ರತಿ ಅದು. ಚಿತ್ರ ಇದ್ದ ಕಡೆ ಕರೀ ಮಸಿ, ಅಂಕಿ ಇದ್ದ ಕಡೆ ಊಹೆ.

"ಯಾಕಪ್ಪಾ, ನಿಮ್ಮ ಕಾಲೇಜ್ನಾಗೆ ಲೈಬ್ರರಿ ಇಲ್ಲೇನು?" ಎಂದು ಪಕ್ಕದ ಸೀಟಿನ ಯಜಮಾನರು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಐತ್ರೀ. ಪುಸ್ತಕಾನೂ ಬೇಕಾದಷ್ಟು ಐತಿ. ಆದ್ರೆ ಬೇಕಾದ್ದು ಇಲ್ಲ."

ಬೇಕಾದಷ್ಟು ಇದೆ, ಬೇಕಾದ್ದು ಇಲ್ಲ! ನಾಡಿನ ಇಂಜಿನಿಯರಿಂಗ್ ಗ್ರಂಥಾಲಯಗಳ ಕಥೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ವರದಿಯೂ ಹೇಳಲಾರದು. ಇದು ಯಾವುದೋ ಒಂದು ಕಾಲೇಜಿನ ಮೇಲಿನ ದೂರಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ಪುಸ್ತಕ ಕೊಳ್ಳುವ ಪದ್ಧತಿಯೇ ಅಂಥದ್ದು. ಆ ಪದ್ಧತಿಯನ್ನು ಊರಿನ ಜನ ಒಮ್ಮೆ ಬಿಚ್ಚಿ ನೋಡಬೇಕಾಗಿದೆ.

ಊರಿಗೇನು ಸಂಬಂಧ?

"ಕಾಲೇಜಿನ ಪುಸ್ತಕ ಕಟ್ಟಿಕೊಂಡು ಅಂಗಡಿಯವನಿಗೇನು?" ಎಂದು ಕೇಳುವವರುಂಟು. ಸಂಬಂಧ ಇದೆ. ದಾವಣಗೆರೆಯಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1951ರಲ್ಲಿ. ಅದರ ಹೆಸರಿನಲ್ಲೇ ಊರಿನ ದಾನಿಗಳ ಹೆಸರಿದೆ. 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಬಂತು. ಗಿರಣಿಗಳ ಊರು ಕಾಲೇಜುಗಳ ಊರಾಯಿತು. ಬಾಡಿಗೆ ರೂಮು, ಮೆಸ್ಸು, ಝೆರಾಕ್ಸ್ ಅಂಗಡಿ, ಮಂಡಕ್ಕಿ-ಮೆಣಸಿನಕಾಯಿ ಗಾಡಿ, ಎಲ್ಲಕ್ಕೂ ಈ ಹುಡುಗರೇ ಗಿರಾಕಿ.

ಅದು ಸಣ್ಣ ಸಂಬಂಧ. ದೊಡ್ಡ ಸಂಬಂಧ ಬೇರೆಯೇ ಇದೆ. ಇವತ್ತು ಬಸ್ಸಿನಲ್ಲಿ ಜೋತುಬಿದ್ದಿರುವ ಹುಡುಗ ನಾಲ್ಕು ವರ್ಷ ಕಳೆದರೆ ಮಳಿಗೆಯ ಸ್ಲಾಬಿಗೆ ಕಬ್ಬಿಣದ ಲೆಕ್ಕ ಬರೆದುಕೊಡುತ್ತಾನೆ, ನಾಲೆಗೆ ಸೇತುವೆ ನಿಲ್ಲಿಸುತ್ತಾನೆ, ಮಿಲ್ಲಿನ ಬಾಯ್ಲರ್ ತಪಾಸಣೆಗೆ ಬರುತ್ತಾನೆ. ಅವನು ಓದಿದ್ದು ಹಳಸಲಾದರೆ ಅದರ ಫಲ ಉಣ್ಣುವವರು ಯಾರು? ಸ್ಲಾಬಿನ ಕೆಳಗೆ ಗಲ್ಲಾ ಇಟ್ಟುಕೊಂಡು ಕೂತವರೇ ತಾನೆ?

ಅಂಗಡಿ ಲೆಕ್ಕ, ಲೈಬ್ರರಿ ಲೆಕ್ಕ

ಕಿರಾಣಿ ಅಂಗಡಿಯವರು ಮಾಲು ತರಿಸುವುದು ಹೇಗೆ? ಯಾವುದು ಓಡಿತು, ಯಾವುದು ಕೂತಿತು ಎಂದು ನೋಡುತ್ತಾರೆ. ಗಿರಾಕಿ ಬಂದು "ಇಂಥಾದ್ದು ಐತಾ?" ಎಂದು ಕೇಳಿ ಬರಿಗೈಲಿ ಹೋದರೆ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಮೂರು ಜನ ಕೇಳಿ ಹೋದರೆ ನಾಲ್ಕನೆಯವನು ಬರುವಷ್ಟರಲ್ಲಿ ಮಾಲು ತರಿಸಿಡುತ್ತಾರೆ. ಇದನ್ನು ಯಾವ ಕಾಲೇಜಿನಲ್ಲೂ ಕಲಿಸಬೇಕಾಗಿಲ್ಲ. ಹೊಟ್ಟೆಪಾಡೇ ಕಲಿಸುತ್ತದೆ.

ಈಗ ಲೈಬ್ರರಿ ಲೆಕ್ಕ ನೋಡಿ. ವರ್ಷಕ್ಕೊಮ್ಮೆ ಪುಸ್ತಕದ ಬಾಬ್ತು ಇಷ್ಟು ಎಂದು ಹಣ ಮಂಜೂರಾಗುತ್ತದೆ. ಅದನ್ನು ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಎಂದು ವಿಭಾಗಗಳಿಗೆ ಹಂಚುತ್ತಾರೆ. ವಿಭಾಗದ ಮೇಷ್ಟ್ರುಗಳು ಪಟ್ಟಿ ಕೊಡಬೇಕು. ಪಟ್ಟಿಯಲ್ಲಿರುವುದು ಈಗಾಗಲೇ ಬೀರುವಿನಲ್ಲಿದೆಯೇ ಎಂದು ಲೈಬ್ರರಿಯವರು ತಾಳೆ ನೋಡಬೇಕು. ಗ್ರಂಥಾಲಯ ಸಮಿತಿ ಸಭೆ ಸೇರಿ ಒಪ್ಪಬೇಕು. ಪುಸ್ತಕದ ಅಂಗಡಿಗಳಿಂದ ಕೊಟೇಷನ್ ತರಿಸಬೇಕು, ಯಾರು ಹೆಚ್ಚು ಕಮಿಷನ್ ಬಿಡುತ್ತಾರೋ ಅವರಿಗೆ ಆರ್ಡರ್. ಮಾಲು ಬಂದ ಮೇಲೆ ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆ, ಒಳಗೆ ಮೊಹರು, ಬೆನ್ನಿಗೆ ಚೀಟಿ. ಡ್ಯೂಯಿ ದಶಮಾಂಶ ಪದ್ಧತಿ ಇರುವ ಕಡೆ ಸಿವಿಲ್ ಆದರೆ 624, ಎಲೆಕ್ಟ್ರಿಕಲ್ ಆದರೆ 621.3 ಎಂದು ನಂಬರು ಬರೆದು ಷೆಲ್ಫಿಗೆ ಏರಿಸಬೇಕು.

ಕಾಗದದ ಮೇಲೆ ಇದರಲ್ಲಿ ಒಂದು ಹುಳುಕೂ ಇಲ್ಲ. ಆದರೆ ನಡೆಯುವುದು ಹೇಗೆ? ಜೂನ್‌ನಲ್ಲಿ ಕೊಡಬೇಕಾದ ಪಟ್ಟಿ ಡಿಸೆಂಬರ್ ಆದರೂ ಬರುವುದಿಲ್ಲ. ಪಾಠ, ಪರೀಕ್ಷೆ, ಪೇಪರ್ ತಿದ್ದುವ ಡ್ಯೂಟಿ. ಮೇಷ್ಟ್ರುಗಳಿಗೂ ಬಿಡುವಿಲ್ಲ ಎನ್ನಿ. ಫೆಬ್ರವರಿ ಬರುತ್ತಿದ್ದಂತೆ ಅಕೌಂಟ್ಸ್ ಕಡೆಯಿಂದ ನೋಟೀಸು: ಮಾರ್ಚ್ 31ರೊಳಗೆ ಖರ್ಚು ಹಾಕದಿದ್ದರೆ ಹಣ ವಾಪಸ್! ಅಷ್ಟೇ ಸಾಕು. ನಾಳೆ ಕೊಡುತ್ತೇನೆಂದವರು ಇವತ್ತೇ ಪಟ್ಟಿ ಕೊಡುತ್ತಾರೆ. ಪ್ರಕಾಶಕರ ಕ್ಯಾಟಲಾಗ್ ತೆರೆದು ಪೆನ್ಸಿಲಿನಲ್ಲಿ ಗೀಟು ಎಳೆದದ್ದೇ ಪಟ್ಟಿ. ಅಂಗಡಿಯವನ ಬಳಿ ಏನು ಸ್ಟಾಕಿದೆಯೋ ಅದೇ ಆಯ್ಕೆ. ಹಣ ಉಳಿಯಿತೇ? ಅದೇ ಪುಸ್ತಕದ ಇನ್ನೈದು ಪ್ರತಿ ಹಾಕಿ! ಲಾರಿಯಿಂದ ರಟ್ಟಿನ ಪೆಟ್ಟಿಗೆ ಇಳಿಯುತ್ತದೆ, ಲೆಕ್ಕ ಮುಗಿಯುತ್ತದೆ.

ಇನ್ನೊಂದು ಸುಗ್ಗಿ ಬರುವುದು ತಪಾಸಣಾ ಸಮಿತಿ ಬರುವ ಮುಂಚೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಇಷ್ಟು ಕೋರ್ಸಿಗೆ ಇಷ್ಟು ಶೀರ್ಷಿಕೆ, ಇಷ್ಟು ಪ್ರತಿ ಎಂದು ಮಾನದಂಡ ಹಾಕಿದೆ. ಹಾಕಿದ್ದು ಸರಿಯೇ. ಪುಸ್ತಕವೇ ಇಲ್ಲದ ಕಾಲೇಜು ತೆರೆಯುವವರಿಗೆ ಮೂಗುದಾರ ಬೇಕಲ್ಲ! ಆದರೆ ಸಮಿತಿಯವರು ಎಣಿಸುವುದು ಬೆನ್ನು. ಆ ಪುಸ್ತಕವನ್ನು ಎಷ್ಟು ಸಲ ಯಾರು ಒಯ್ದರು ಎಂದು ಕೇಳುವವರು ಅಪರೂಪ. ಬೆನ್ನು ಎಣಿಸುವವರಿದ್ದರೆ ಬೆನ್ನು ಕೊಳ್ಳುವವರೂ ಇರುತ್ತಾರೆ. ತೆಳ್ಳನೆಯ, ಅಗ್ಗದ, ಪ್ರಶ್ನೋತ್ತರ ಮಾಲೆಗಳಿಂದ ಸಂಖ್ಯೆ ತುಂಬಿಸಿದರೂ ಸಂಖ್ಯೆ ಸಂಖ್ಯೆಯೇ.

ಈ ರೋಗ ಇಲ್ಲಿನದಷ್ಟೇ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಕೊಂಡ ಪುಸ್ತಕಗಳ ಜಾಡು ಹಿಡಿದು ಪರೀಕ್ಷಿಸಿದ ಒಂದು ಅಧ್ಯಯನ 1979ರಲ್ಲಿ ಪ್ರಕಟವಾಯಿತು. ಕೊಂಡ ನೂರು ಪುಸ್ತಕದಲ್ಲಿ ಸುಮಾರು 40 ಪುಸ್ತಕ ಮೊದಲ ಆರು ವರ್ಷದಲ್ಲಿ ಒಮ್ಮೆಯೂ ಲೈಬ್ರರಿಯಿಂದ ಹೊರಗೆ ಹೋಗಿರಲಿಲ್ಲ! ಅಷ್ಟು ಸಿರಿವಂತ ದೇಶದಲ್ಲೇ ಆ ಲೆಕ್ಕ ಕಂಡು ಗದ್ದಲವೆದ್ದಿತು. ಇಲ್ಲಿ ಗದ್ದಲ ಏಳಬೇಕಾದರೆ ಮೊದಲು ಲೆಕ್ಕ ತೆಗೆಯಬೇಕಲ್ಲ?

ಒಂದು, ಎರಡು, ನಾಲ್ಕು

ಇಂಜಿನಿಯರಿಂಗ್ ಪುಸ್ತಕಕ್ಕೂ ಕಾವ್ಯಕ್ಕೂ ಒಂದು ವ್ಯತ್ಯಾಸ ಇದೆ. ಸಾವಿರ ವರ್ಷದ ಕಾವ್ಯ ಹಳತಾಗುವುದಿಲ್ಲ. ಇಂಜಿನಿಯರಿಂಗ್ ಪುಸ್ತಕ ಕೆಲವೊಮ್ಮೆ ಒಂದೇ ದಿನದಲ್ಲಿ ಹಳತಾಗುತ್ತದೆ. ಹೇಗೆ ಎಂಬುದಕ್ಕೆ ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತಿರುವ ಉದಾಹರಣೆ ತೆಗೆದುಕೊಳ್ಳಿ.

"ಒಂದು-ಎರಡು-ನಾಲ್ಕು ಹಾಕಿಸ್ರೀ, ಸ್ಲಾಬು ಕಲ್ಲಾಗ್ತತಿ" ಎಂದು ಮೇಸ್ತ್ರಿ ಹೇಳುವುದನ್ನು ಕೇಳದವರಿಲ್ಲ. ಸಿಮೆಂಟು ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು. ಈ ಹದಕ್ಕೆ ಇಂಜಿನಿಯರುಗಳ ಭಾಷೆಯಲ್ಲಿ ಸುಮಾರಾಗಿ ಎಂ15 ಎನ್ನುತ್ತಾರೆ. ಅಂದರೆ ಎರಕ ಹಾಕಿ 28 ದಿನ ಕಳೆದ ಮೇಲೆ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 150 ಕಿಲೋ ಭಾರ ತಡೆಯುವ ಕಾಂಕ್ರೀಟು. ಕಾಂಕ್ರೀಟಿಗೆ ದೇಶಕ್ಕೆಲ್ಲ ಒಂದೇ ಕೈಪಿಡಿ, ಐ.ಎಸ್. 456. ಅದರ 1978ರ ಆವೃತ್ತಿ ಕಬ್ಬಿಣ ಹಾಕಿದ ಕಾಂಕ್ರೀಟಿಗೆ ಕನಿಷ್ಠ ಎಂ15 ಇರಲಿ ಎಂದಿತ್ತು. 2000ದಲ್ಲಿ ಅದನ್ನು ತಿದ್ದಿದರು. ಕಬ್ಬಿಣಕ್ಕೆ ತುಕ್ಕು ಹಿಡಿದು ಕಟ್ಟಡಗಳು ಬೇಗ ಹಾಳಾಗುವುದನ್ನು ಕಂಡು ಬಾಳಿಕೆಯ ನಿಯಮ ಬಿಗಿ ಮಾಡಿದರು. ಕನಿಷ್ಠ ಎಂ20 ಎಂದಾಯಿತು. ಅಂದರೆ ಸುಮಾರಾಗಿ ಒಂದು-ಒಂದೂವರೆ-ಮೂರು. ಮೇಸ್ತ್ರಿಯ ಒಂದು-ಎರಡು-ನಾಲ್ಕು ಅವತ್ತೇ ಸ್ಲಾಬಿಗೆ ಸಾಲದಾಯಿತು.

ಈಗ ಲೈಬ್ರರಿಗೆ ಬನ್ನಿ. 2000ಕ್ಕಿಂತ ಹಿಂದೆ ಅಚ್ಚಾದ ಕಾಂಕ್ರೀಟ್ ಪುಸ್ತಕಗಳು ಹಳೆಯ ಕಾಲೇಜುಗಳ ಷೆಲ್ಫಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ರಟ್ಟು ಗಟ್ಟಿ, ಬೆನ್ನಿನ ನಂಬರು ನಿಚ್ಚಳ, ಸಮಿತಿಯ ಎಣಿಕೆಗೂ ಸಿಗುತ್ತವೆ. ಹೊಸ ಆವೃತ್ತಿ ಎಲ್ಲರಿಗೂ ಬೇಕು, ಆದ್ದರಿಂದ ಅದು ಯಾವಾಗಲೂ ಹೊರಗೆ. ಹಳೆಯದು ಯಾರಿಗೂ ಬೇಡ, ಆದ್ದರಿಂದ ಅದು ಯಾವಾಗಲೂ ಒಳಗೆ! ಪರೀಕ್ಷೆ ಹಿಂದಿನ ದಿನ ಓಡಿ ಬಂದ ಹುಡುಗನ ಕೈಗೆ ಸಿಗುವುದು ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಉಕ್ಕಿನ ಕಟ್ಟಡಗಳ ಕಥೆಯೂ ಇದೇ. ಐ.ಎಸ್. 800 ಎಂಬ ಕೈಪಿಡಿಯ 1984ರ ಆವೃತ್ತಿಗೂ 2007ರ ಆವೃತ್ತಿಗೂ ನಡುವೆ ಲೆಕ್ಕ ಹಾಕುವ ರೀತಿಯೇ ಬದಲಾಯಿತು. ಹಿಂದಿನ ರೀತಿಯಲ್ಲಿ ಬರೆದ ಪುಸ್ತಕವನ್ನು ಬುಡದಿಂದ ತುದಿವರೆಗೆ ಉರು ಹೊಡೆದರೂ ಹೊಸ ಲೆಕ್ಕ ಬಾರದು.

ತಮಾಷೆ ಏನೆಂದರೆ, ಈ ಕೈಪಿಡಿಗಳನ್ನು ಈಗ ದುಡ್ಡು ಕೊಟ್ಟು ಕೊಳ್ಳಬೇಕಾದ್ದೇ ಇಲ್ಲ. ಹಿಂದೆ ಐ.ಎಸ್.ಐ. ಎನ್ನುತ್ತಿದ್ದ, 1987ರಿಂದ ಬಿ.ಐ.ಎಸ್. ಆಗಿರುವ ಮಾನಕ ಸಂಸ್ಥೆ ತಾನೇ ರೂಪಿಸಿದ ಮಾನಕಗಳನ್ನು ಹೆಸರು ನೋಂದಾಯಿಸಿದವರಿಗೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಕೊಡುತ್ತಿದೆ. ಇಳಿಸಿಕೊಂಡು, ಯಾವುದು ಚಾಲ್ತಿ, ಯಾವುದು ರದ್ದು ಎಂದು ಒಂದು ಪಟ್ಟಿ ಬರೆದು ಬಾಗಿಲಿಗೆ ಅಂಟಿಸಲು ಎಷ್ಟು ಖರ್ಚು? ಒಂದು ಹಾಳೆ, ಒಂದು ಚಿಟಿಕೆ ಗೋಂದು. ಮನಸ್ಸು ಮಾತ್ರ ಬೇಕು.

ಹಳೆಯದೆಲ್ಲ ಕಸವಲ್ಲ

ಹಾಗಾದರೆ ಹಳೆಯದನ್ನೆಲ್ಲ ರದ್ದಿಗೆ ಹಾಕಿಬಿಡೋಣವೇ? ಅವಸರ ಬೇಡ. ಇಂಜಿನಿಯರಿಂಗ್ ಸಂಗ್ರಹ ಕಟ್ಟುವುದು ಕಷ್ಟದ ಕೆಲಸ ಎನ್ನುವುದು ಇಲ್ಲೇ.

ತಿಮೊಶೆಂಕೊ ಎಂಬ ಮಹಾನುಭಾವರು 1930ರಲ್ಲಿ ಪ್ರಕಟಿಸಿದ ವಸ್ತುಗಳ ಬಲದ ಪುಸ್ತಕ ಇವತ್ತಿಗೂ ಬುನಾದಿಯೇ. ತೊಲೆ ಬಾಗುವ ನಿಯಮ ಯಾವ ಸರ್ಕಾರ ಬಂದರೂ ಬದಲಾಗುವುದಿಲ್ಲ. ಗಣಿತ ಹಳತಾಗುವುದಿಲ್ಲ. ಹಳತಾಗುವುದು ಕೈಪಿಡಿ, ಕೋಷ್ಟಕ, ಯಂತ್ರದ ಮಾದರಿ, ಕಂಪ್ಯೂಟರಿನ ಭಾಷೆ. ಯಾವುದು ಬೇರು, ಯಾವುದು ಎಲೆ ಎಂದು ಬಲ್ಲವರೇ ಹೆಕ್ಕಬೇಕು.

ಹಳೆಯ ಪುಸ್ತಕಗಳು ಬಂದ ದಾರಿಯೂ ಕೇಳುವಂಥದ್ದು. 1951ರಲ್ಲಿ ದೇಶದಲ್ಲಿ ಅನ್ನಕ್ಕೆ ತತ್ವಾರವಾದಾಗ ಅಮೆರಿಕ ಭಾರತಕ್ಕೆ ಗೋಧಿ ಕೊಳ್ಳಲು 19 ಕೋಟಿ ಡಾಲರ್ ಸಾಲ ಕೊಟ್ಟಿತು. ಆ ಸಾಲದ ಬಡ್ಡಿಯಲ್ಲಿ 50 ಲಕ್ಷ ಡಾಲರನ್ನು ಶಿಕ್ಷಣಕ್ಕೆ ತೆಗೆದಿಟ್ಟು, ಅದರಲ್ಲಿ ಭಾರತದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಪುಸ್ತಕ, ಪ್ರಯೋಗಶಾಲೆಗಳಿಗೆ ಉಪಕರಣ ಕಳಿಸಿತು. ಗೋಧಿ ತಿಂದು ಕರಗಿತು, ಬಡ್ಡಿ ಮಾತ್ರ ಬೀರುವಿನಲ್ಲಿ ಉಳಿಯಿತು! ಆಮೇಲೆ ಇಂಗ್ಲಿಷರು ಇ.ಎಲ್.ಬಿ.ಎಸ್. ಎಂಬ ಮುದ್ರೆ ಹಾಕಿ ಪಠ್ಯಪುಸ್ತಕಗಳನ್ನು ಅಗ್ಗದ ದರದಲ್ಲಿ ಮಾರಿದರು. ರಷ್ಯದ ಮೀರ್ ಪ್ರಕಾಶನದ ಗಟ್ಟಿ ರಟ್ಟಿನ ಪುಸ್ತಕಗಳು ಹೋಟೆಲಿನ ಊಟದ ಬೆಲೆಗೆ ಸಿಗುತ್ತಿದ್ದವು ಎಂದು ಹಳೆಯ ಇಂಜಿನಿಯರುಗಳು ಈಗಲೂ ನೆನೆಯುತ್ತಾರೆ. 1991ರಲ್ಲಿ ಸೋವಿಯೆತ್ ದೇಶ ಒಡೆಯಿತು, ಆ ಒರತೆ ಬತ್ತಿತು. ಇ.ಎಲ್.ಬಿ.ಎಸ್. ಕೂಡ ಆ ದಶಕ ಮುಗಿಯುವಷ್ಟರಲ್ಲಿ ನಿಂತಿತು.

ಈ ಇತಿಹಾಸದಲ್ಲಿ ಒಂದು ಪಾಠ ಇದೆ. ಹಳೆಯ ಸಂಗ್ರಹದಲ್ಲಿ ಒಂದು ಪಾಲು ಓದುಗ ಕೇಳಿದ್ದಕ್ಕೆ ಬಂದದ್ದಲ್ಲ, ಕೊಡುವವರು ಕೊಟ್ಟದ್ದಕ್ಕೆ ಬಂದದ್ದು. ಆಗ ಬಡತನವಿತ್ತು, ಬಂದದ್ದು ಬರಲಿ ಎಂದರೆ ತಪ್ಪಲ್ಲ. ಈಗ ಕೈಯಿಂದ ಹಣ ಹಾಕಿ ಕೊಳ್ಳುವಾಗಲೂ ಅದೇ ಚಾಳಿ ಯಾಕೆ?

ಇನ್ನೊಂದು ಮಾತು. ಯಾವ ಪ್ರಕಾಶಕನೂ ಮಾರದ ಪುಸ್ತಕಗಳಿವೆ. ದಾವಣಗೆರೆ ಸುತ್ತಿನ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿದು ಗೋಡೆ ಸೀಳುವುದು ಎಲ್ಲರಿಗೂ ಗೊತ್ತು. ಭದ್ರಾ ನಾಲೆಯ ಸೋರಿಕೆ, ಸೂಳೆಕೆರೆಯ ಹೂಳು, ಹರಿಹರದಲ್ಲಿ ಒಂದು ಕಾಲಕ್ಕೆ ತಯಾರಾಗುತ್ತಿದ್ದ ಕಿರ್ಲೋಸ್ಕರ್ ಲೇತುಗಳು, ಇವುಗಳ ವಿಷಯ ಲಂಡನ್ನಿನ ಪುಸ್ತಕದಲ್ಲಿ ಎಲ್ಲಿ ಸಿಕ್ಕೀತು? ಸಿಗುವುದು ಲೋಕೋಪಯೋಗಿ, ನೀರಾವರಿ ಇಲಾಖೆಗಳ ಹಳೆಯ ವರದಿಗಳಲ್ಲಿ, ವಿದ್ಯಾರ್ಥಿಗಳೇ ಊರೂರು ತಿರುಗಿ ಬರೆದ ಪ್ರಾಜೆಕ್ಟ್ ವರದಿಗಳಲ್ಲಿ. ಮಾರ್ಚ್ ಸುಗ್ಗಿಯ ಪೆಟ್ಟಿಗೆಗಳಿಗೆ ಜಾಗ ಮಾಡಬೇಕಾದಾಗ ಮೊದಲು ಮೂಲೆಗೆ ಬೀಳುವುದು ಇವೇ. ದುಡ್ಡು ಕೊಟ್ಟರೂ ಸಿಗದ್ದು ಹೊರಗೆ, ದುಡ್ಡು ಕೊಟ್ಟರೆ ಎಲ್ಲೆಲ್ಲೂ ಸಿಗುವುದು ಒಳಗೆ!

ಸ್ಕೀಮು ಬದಲಾದಾಗ

ಮೊದಲು ಮೈಸೂರು ವಿಶ್ವವಿದ್ಯಾಲಯ, ಆಮೇಲೆ ಕುವೆಂಪು ವಿಶ್ವವಿದ್ಯಾಲಯ, ಈಗ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಬಿ.ಡಿ.ಟಿ. ಕಾಲೇಜು ಕಂಡ ಯಜಮಾನರು ಇವರು. 1998ರಲ್ಲಿ ವಿ.ತಾ.ವಿ. ಹುಟ್ಟಿದ ಮೇಲೆ ರಾಜ್ಯದ ಬಹುಪಾಲು ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಸೂರಿನಡಿ ಬಂದವು, ಒಂದೇ ಪಠ್ಯಕ್ರಮ ಓದುವಂತಾಯಿತು. ಹಾಗೆ ನೋಡಿದರೆ ವಿ.ತಾ.ವಿ.ಯ ಗ್ರಂಥಾಲಯ ಎಂದರೆ ಬೆಳಗಾವಿಯ ಕಟ್ಟಡ ಮಾತ್ರವಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಹರಡಿರುವ ಕಾಲೇಜುಗಳ ಬೀರುಗಳೆಲ್ಲ ಸೇರಿದರೇನೇ ಅದು ವಿಶ್ವವಿದ್ಯಾಲಯದ ಸಂಗ್ರಹ.

ಪಠ್ಯಕ್ರಮ ಬದಲಾಗುತ್ತಲೇ ಇರುತ್ತದೆ. 2010ರ ಸ್ಕೀಮು, 2015ರ ಸ್ಕೀಮು, 2018ರ ಸ್ಕೀಮು, 2022ರ ಸ್ಕೀಮು, ನಡುವೆ ಇನ್ನೂ ಒಂದೆರಡು. ವಿದ್ಯೆ ಮುಂದೆ ಹೋಗಬೇಕಾದರೆ ಬದಲಾವಣೆ ಬೇಕೇ ಬೇಕು. ಆದರೆ ಸ್ಕೀಮು ಬದಲಾದರೆ ಶಿಫಾರಸಾದ ಪಠ್ಯಪುಸ್ತಕ ಬದಲಾಗುತ್ತದೆ. ಹಿಂದಿನ ಮಾರ್ಚಿನಲ್ಲಿ ಇಪ್ಪತ್ತು ಪ್ರತಿ ಕೊಂಡ ಪುಸ್ತಕ ಈ ಜೂನ್‌ನಲ್ಲಿ ಪಟ್ಟಿಯಿಂದ ಹೊರಗೆ. ದೀಪಾವಳಿಗೆ ಒಂದೇ ಬಣ್ಣದ ಸೀರೆಯನ್ನು ಗಂಟುಗಟ್ಟಲೆ ತರಿಸಿ ಕೂತ ಜವಳಿ ಅಂಗಡಿಯ ಪಾಡು! ಅಂಗಡಿಯವರು ರಿಯಾಯಿತಿ ಬೋರ್ಡು ಹಾಕಿಯಾದರೂ ಸಾಗಹಾಕುತ್ತಾರೆ. ಲೈಬ್ರರಿಗೆ ಆ ದಾರಿಯೂ ಇಲ್ಲ.

ಇಲ್ಲಿ ಜಾಣತನವೆಂದರೆ ಎರಡು ಗಂಟು ಬೇರೆ ಬೇರೆ ಕಟ್ಟುವುದು. ಪರೀಕ್ಷೆಗೆ ಬೇಕಾದ ಪಠ್ಯಪುಸ್ತಕ ಒಂದು ಗಂಟು. ಅದನ್ನು ಬುಕ್ ಬ್ಯಾಂಕಿನ ಮಾದರಿಯಲ್ಲಿ ಸೆಮಿಸ್ಟರ್ ಪೂರ್ತಿ ಹುಡುಗರ ಕೈಗೇ ಕೊಟ್ಟು ವಾಪಸ್ ಪಡೆಯಬೇಕು. ಪರಿಶಿಷ್ಟ ವರ್ಗದ ವೈದ್ಯಕೀಯ, ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ಕೇಂದ್ರ ಸರ್ಕಾರ 1978-79ರಲ್ಲೇ ಬುಕ್ ಬ್ಯಾಂಕ್ ಯೋಜನೆ ತಂದಿತ್ತು. ಒಂದು ಸೆಟ್ ಪುಸ್ತಕ ಒಬ್ಬರಾದ ಮೇಲೊಬ್ಬರಿಗೆ ದುಡಿಯುವ ಆ ದಾರಿ ಎಲ್ಲ ಬಡ ಮಕ್ಕಳಿಗೂ ಒಗ್ಗುತ್ತದೆ. ಎರಡನೆಯ ಗಂಟು, ಸ್ಕೀಮು ಬದಲಾದರೂ ಬದಲಾಗದ ಬೇರಿನ ಪುಸ್ತಕಗಳು. ಒಂದೊಂದು ಪ್ರತಿ ಸಾಕು, ಆದರೆ ಒಳ್ಳೆಯದು ಬೇಕು. ಈಗ ಎರಡೂ ಒಂದೇ ಗಂಟಾಗಿ, ಪಠ್ಯದ ಹತ್ತಾರು ಪ್ರತಿಗಳು ಬೇರಿನ ಪುಸ್ತಕದ ಹಣ ನುಂಗುತ್ತಿವೆ.

ಕಂಪ್ಯೂಟರಿನೊಳಗಿನ ಬೀರು

"ಈಗೆಲ್ಲಾ ಮೊಬೈಲ್ನಾಗೇ ಸಿಗ್ತತಿ, ಲೈಬ್ರರಿ ಯಾಕ್ರೀ?" ಎನ್ನುವ ಬುದ್ಧಿವಂತರೂ ಇದ್ದಾರೆ. ಸಿಗುತ್ತದೆ, ನಿಜ. ಐ.ಐ.ಟಿ. ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತದೆ. ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ತರಿಸಿರುವ ಇಂಜಿನಿಯರಿಂಗ್ ಪಠ್ಯಗಳೂ ಪುಕ್ಕಟೆ ಸಿಗುತ್ತವೆ. ಆದರೆ ಹೊಸ ಸಂಶೋಧನೆ ಅಚ್ಚಾಗುವ ಜರ್ನಲ್ಲುಗಳು ಬೀಗದೊಳಗಿವೆ. ಬೀಗದ ಕೈ ವಿದೇಶಿ ಪ್ರಕಾಶಕರ ಸೊಂಟದಲ್ಲಿ. ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಕಟ್ಟುವುದು ನಿಂತರೆ ಬಾಗಿಲು ಬಂದ್. ಎಷ್ಟೋ ಕರಾರುಗಳಲ್ಲಿ ನಿನ್ನೆ ಓದುತ್ತಿದ್ದ ಹಳೆಯ ಸಂಚಿಕೆಯೂ ಕಣ್ಮರೆ. ಕಾಗದದ ಪುಸ್ತಕ ಸ್ವಂತ ಮನೆಯಾದರೆ ಇದು ಬಾಡಿಗೆ ಮನೆ.

ಬಾಡಿಗೆಯ ಹೊರೆ ಹಂಚಿಕೊಳ್ಳಲೆಂದೇ ವಿ.ತಾ.ವಿ. ತನ್ನ ಕಾಲೇಜುಗಳನ್ನು ಒಕ್ಕೂಟ ಮಾಡಿತು. ಕೇಂದ್ರ ಸರ್ಕಾರ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಗೆ 2025, 2026, 2027 ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್ಲುಗಳು. 6,300ಕ್ಕೂ ಹೆಚ್ಚು ಸಂಸ್ಥೆಗಳು. ಒಳ್ಳೆಯ ಕೆಲಸ, ಹೊಗಳಲೇಬೇಕು. ಆದರೆ 2025ರ ಜನವರಿ 1ರಂದು ಅದು ಶುರುವಾದದ್ದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ವಿ.ತಾ.ವಿ.ಯ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿ. ಒಂದೇ ಬಸ್ಸಿನಲ್ಲಿ ಬರುವ, ಒಂದೇ ಪರೀಕ್ಷೆ ಬರೆಯುವ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಬಾಗಿಲು ತೆರೆದು ಇನ್ನೊಬ್ಬನಿಗೆ ಮುಚ್ಚುವುದು ಎಷ್ಟು ಸರಿ? ಖಾಸಗಿ ಕಾಲೇಜಿಗೆ ಹೋದವರೆಲ್ಲ ಕುಬೇರನ ಮಕ್ಕಳಲ್ಲ. ಸಾಲ ಮಾಡಿ, ಹೊಲ ಅಡವಿಟ್ಟು ಕಳಿಸಿದವರೇ ಬಹಳ.

ಅದಿರಲಿ. ಬಾಗಿಲು ತೆರೆದ ಕಡೆಯೂ ಜರ್ನಲ್ ಹುಡುಕುವುದು ಹೇಗೆಂದು ಹುಡುಗರಿಗೆ ಕಲಿಸದಿದ್ದರೆ 13,000 ಇದ್ದರೂ ಒಂದೇ, 13 ಇದ್ದರೂ ಒಂದೇ.

ಬೀಗ ಹಾಕಿದವರನ್ನೂ ಕೇಳಿ

ಇಷ್ಟೆಲ್ಲಕ್ಕೂ ಲೈಬ್ರೇರಿಯನ್ನರೇ ಹೊಣೆ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಪಾಪ, ಅವರ ಕೈಯಲ್ಲಿರುವುದು ಬೀಗ, ತಲೆಯ ಮೇಲಿರುವುದು ಆಡಿಟ್. ಪುಸ್ತಕ ಕಳೆದರೆ ಸಂಬಳದಲ್ಲಿ ಮುರಿಯುತ್ತಾರೆಂಬ ಭಯ. ಆದ್ದರಿಂದ ದುಬಾರಿ ಪುಸ್ತಕಗಳೆಲ್ಲ ಗಾಜಿನ ಬೀರುವಿನಲ್ಲಿ ದೇವರ ಮೂರ್ತಿಯಂತೆ ದರ್ಶನಕ್ಕೆ ಮಾತ್ರ. ಆದರೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ ಏನು ಹೇಳುತ್ತವೆ ನೋಡಿ: ವರ್ಷದಲ್ಲಿ ಓದಲು ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಮೋಸವೋ ಬೇಜವಾಬ್ದಾರಿಯೋ ಇಲ್ಲದಿದ್ದರೆ ಸಾಕು. ಸರ್ಕಾರಕ್ಕೇ ಗೊತ್ತು, ಓಡಾಡುವ ಪುಸ್ತಕ ಒಂದಷ್ಟು ಸವೆಯುತ್ತದೆ, ಒಂದಷ್ಟು ಕಳೆಯುತ್ತದೆ ಎಂದು. ಕಾಲೇಜಿನ ಆಡಳಿತ ಮಂಡಳಿಗಳು ಇಷ್ಟು ಧೈರ್ಯವನ್ನು ತಮ್ಮ ಲೈಬ್ರೇರಿಯನ್ನರಿಗೆ ಬರಹದಲ್ಲಿ ಕೊಟ್ಟರೆ ಅರ್ಧ ಬೀಗ ತಾನೇ ಬಿಚ್ಚಿಕೊಳ್ಳುತ್ತದೆ.

ಗ್ರಂಥಾಲಯ ಶಾಸ್ತ್ರಕ್ಕೆ ದಿಕ್ಕು ತೋರಿದ ಎಸ್.ಆರ್. ರಂಗನಾಥನ್ ಬೇರೆಲ್ಲಿಯವರೋ ಅಲ್ಲ. 1957ರಿಂದ ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಅಲ್ಲೇ ಸಂಶೋಧನಾ ಕೇಂದ್ರ ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡವರು. ಲೈಬ್ರರಿಯ ಕೆಲಸ ಪುಸ್ತಕ ಕಾಯುವುದಲ್ಲ, ಬಳಸುವಂತೆ ಮಾಡುವುದು ಎಂದು 1931ರಲ್ಲೇ ಸೂತ್ರ ಬರೆದಿಟ್ಟರು. ಲೋಕವೆಲ್ಲ ಅದನ್ನು ಪಾಠ ಮಾಡುತ್ತದೆ. ಅವರು ಬಾಳಿದ ನಾಡಿನಲ್ಲೇ ಬೀಗ ಉಳಿದಿದೆ!

ಒಂದು ನೋಟ್ ಬುಕ್ಕಿನ ಖರ್ಚು

ಹಾಗಾದರೆ ಆಗಬೇಕಾದ್ದೇನು? ಕೋಟಿಗಟ್ಟಲೆ ಹಣ ಬೇಡ. ಒಂದು ನೋಟ್ ಬುಕ್ ಸಾಕು. ಅದನ್ನು ಲೈಬ್ರರಿಯ ಬಾಗಿಲಲ್ಲಿ ದಾರ ಕಟ್ಟಿ ಇಡಲಿ. ಯಾವ ವಿದ್ಯಾರ್ಥಿ ಯಾವ ಪುಸ್ತಕ ಕೇಳಿ ಬರಿಗೈಲಿ ಹೋದನೋ ಅವನೇ ಅದರಲ್ಲಿ ಬರೆದು ಹೋಗಲಿ. ತಿಂಗಳಿಗೊಮ್ಮೆ ಗ್ರಂಥಾಲಯ ಸಮಿತಿ ಆ ಪುಸ್ತಕ ತೆರೆದು ಓದಲಿ. ವರ್ಷದ ಹಣವನ್ನು ಹನ್ನೆರಡು ಪಾಲು ಮಾಡಿ, ಹೆಚ್ಚು ಜನ ಕೇಳಿದ್ದನ್ನು ಆ ತಿಂಗಳೇ ತರಿಸಲಿ. ಮಾರ್ಚ್‌ಗೆಂದು ಏನೂ ಉಳಿಯದಿರಲಿ.

ಜೊತೆಗೆ, ಒಮ್ಮೆಯೂ ಹೊರಗೆ ಹೋಗದ ಪುಸ್ತಕಗಳ ಪಟ್ಟಿ ತೆಗೆಯಲಿ. ಕೋಹಾ, ಇ-ಗ್ರಂಥಾಲಯ ಮುಂತಾದ ತಂತ್ರಾಂಶ ಇರುವ ಕಡೆ ಇದು ನಾಲ್ಕು ಗುಂಡಿ ಒತ್ತುವ ಕೆಲಸ. ಆ ಪಟ್ಟಿಯನ್ನು, ಪುಸ್ತಕ ಶಿಫಾರಸು ಮಾಡಿದ ವಿಭಾಗದ ಮುಂದೆಯೇ ಇಡಲಿ. ಯಾರನ್ನೂ ಶಿಕ್ಷಿಸಲು ಅಲ್ಲ, ಮುಂದಿನ ಪಟ್ಟಿ ಬರೆಯುವಾಗ ಪೆನ್ಸಿಲು ಸ್ವಲ್ಪ ಯೋಚಿಸಲಿ ಎಂದು. ರದ್ದಾದ ಕೈಪಿಡಿಯ ಮೇಲೆ ಕೆಂಪು ಚೀಟಿ ಅಂಟಿಸಲಿ. ಬೇರಿನ ಪುಸ್ತಕ, ಊರಿನ ವರದಿಗಳಿಗೆ ಒಂದು ಬೀರು ಮೀಸಲಿಡಲಿ. ತಪಾಸಣಾ ಸಮಿತಿಯವರು ಬಂದಾಗ ಬೆನ್ನು ಎಣಿಸುವ ಮೊದಲು ಬಾಗಿಲ ನೋಟ್ ಬುಕ್ ಕೇಳಲಿ. "ಎಷ್ಟು ಪುಸ್ತಕ ಇವೆ?" ಎಂಬ ಪ್ರಶ್ನೆ ಬಿಟ್ಟು "ಎಷ್ಟು ಜನ ಬರಿಗೈಲಿ ಹೋದರು?" ಎಂದು ಒಂದು ಸಲ ಕೇಳಿ ನೋಡಲಿ. ಇಡೀ ಪದ್ಧತಿ ತಾನಾಗಿ ತಿರುಗುತ್ತದೆ.

ಚೌಕಿಪೇಟೆಯ ಸಣ್ಣ ಅಂಗಡಿಯವರಿಗೂ ಗೊತ್ತಿರುವ ವ್ಯಾಪಾರದ ಮೊದಲ ಪಾಠ ಇದು: ಗಿರಾಕಿ ಕೇಳಿದ್ದನ್ನು ತರಿಸು, ಕೇಳದ್ದನ್ನು ಪೇರಿಸಬೇಡ. ಇಷ್ಟನ್ನು ಕಲಿಯಲು ವಿಶ್ವವಿದ್ಯಾಲಯಗಳಿಗೆ ಯಾವ ಸ್ಕೀಮು ಬರಬೇಕು?

ಇನ್ನೊಂದು ಮಾರ್ಚ್ ಬಂದೇ ಬರುತ್ತದೆ. ಪೆಟ್ಟಿಗೆಗಳು ಇಳಿದೇ ಇಳಿಯುತ್ತವೆ. ಆ ಹೊತ್ತಿಗೆ ಒಂದು ಲೈಬ್ರರಿಯ ಬಾಗಿಲಲ್ಲಾದರೂ ದಾರ ಕಟ್ಟಿದ ನೋಟ್ ಬುಕ್ ನೇತಾಡುತ್ತಿದ್ದರೆ, ಬೆಳಗಿನ ಬಸ್ಸಿನಲ್ಲಿ ಒಬ್ಬ ಹುಡುಗನ ಕೈಯಲ್ಲಾದರೂ ಮಸಿ ಮೆತ್ತಿದ ಝೆರಾಕ್ಸಿನ ಬದಲು ನಿಜವಾದ ಪುಸ್ತಕ ಇದ್ದೀತು. ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?